ಆರು ಪದದ ಕಥೆ



ಹೋದ ಮಳೆಗಾಲದಲ್ಲಿ ನಾವು ನಾಲ್ಕು ಜನ ಒಂದು ಪಂದ್ಯಕ್ಕೆ ಇಳಿದೆವು. ಮೊಬೈಲಿನಲ್ಲಿ ಬಂದ ಪಂದ್ಯ. ಏಳು ದಿನ, ದಿನಕ್ಕೊಂದು ಕಥೆ, ಒಂದೊಂದಕ್ಕೂ ಆರೇ ಪದ. ದುಡ್ಡು ಕಟ್ಟಬೇಕಾಗಿಲ್ಲ, ವಯಸ್ಸು ಕೇಳಲ್ಲ, ಡಿಗ್ರಿ ಕೇಳಲ್ಲ. ನಾಲ್ವರಲ್ಲಿ ಇಬ್ಬರು ಅತಿಥಿ ಶಿಕ್ಷಕರು, ಒಬ್ಬಳು ಬಿ.ಎಡ್. ಓದುವವಳು, ಒಬ್ಬ ಓದು ಮುಗಿಸಿ ಊರಲ್ಲೇ ಇರುವವನು. ನಾಲ್ವರ ಮನೆಯಲ್ಲೂ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವೇ ಮೊದಲು. ಕವಿತೆ ಕಟ್ಟಿ ನಮಗೆ ರೂಢಿ. ಕಥೆ ಅಂದರೆ ಮಾತ್ರ ಅಂಜಿಕೆ. ಅದಕ್ಕೆ ಬಿಡುವು ಬೇಕು, ಕೂರೋಕೆ ಜಾಗ ಬೇಕು, ರಾತ್ರಿ ದೀಪ ಬೇಕು. ಆರು ಪದ ಅಂದ ಕೂಡಲೇ ಇದು ನಮ್ಮಂಥವರಿಗಾಗಿಯೇ ಹುಟ್ಟಿದ ಸಾಹಿತ್ಯ ಅನ್ನಿಸಿಬಿಟ್ಟಿತು. ಬಸ್ಸಿನ ಕಂಬಿ ಹಿಡಿದು ನಿಂತೇ ಬರೆಯಬಹುದು.

ಮೂರನೇ ದಿನ ಕೊಟ್ಟ ವಿಷಯ ‘ಹೊಸತು’. ನಾವು ಕಳಿಸಿದ್ದು ಇದು:

ಊರು ದಾಟಿದ ಮೇಲೆ ಅಪ್ಪ ಎಕ್ಕಡ ಮೆಟ್ಟಿದ.

ಇದರಲ್ಲಿ ನಾವು ಕಟ್ಟಿದ್ದು ಏನೂ ಇಲ್ಲ. ನಮ್ಮಲ್ಲೊಬ್ಬನ ಅಪ್ಪ ಮದುವೆಯಾದ ಹೊಸತರಲ್ಲಿ ಸಂತೆಯಿಂದ ಒಂದು ಜೊತೆ ಎಕ್ಕಡ ತಂದಿದ್ದ. ಕೇರಿಯಿಂದ ಬಸ್ಸಿನ ರಸ್ತೆಗೆ ಹೋಗಬೇಕಾದರೆ ಊರ ನಡುವಿನ ಬೀದಿಯೇ ದಾರಿ. ಆ ಬೀದಿಯಲ್ಲಿ ಕೇರಿಯವರ ಕಾಲು ಬರಿಗಾಲಾಗಿರಬೇಕು. ಎಕ್ಕಡವನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಕೊನೇ ಮನೆ ದಾಟಿ, ಹುಣಸೇಮರದ ಹತ್ತಿರ ಬಂದ ಮೇಲೆ ನೆಲಕ್ಕೆ ಬಿಟ್ಟು ಮೆಟ್ಟೋದು. ವಾಪಸ್ಸು ಬರುವಾಗ ಅದೇ ಹುಣಸೇಮರದ ಹತ್ತಿರ ಮತ್ತೆ ಕಂಕುಳಿಗೆ. ನಮ್ಮ ಕಡೆಯ ಯಾವ ಕೇರಿಯಲ್ಲಿ ಹೇಳಿದರೂ ಮುಂದಿನದನ್ನು ಅವರೇ ಹೇಳುತ್ತಾರೆ.

ಪಂದ್ಯದಲ್ಲಿ ಓದಿದವರು ಬೇರೆ ಥರ ಕೇಳಿದರು. ಹೊಸ ಚಪ್ಪಲಿ ಕೆಸರಾಗುತ್ತೆ ಅಂತಲಾ? ಮರೆತು ಬಂದಿದ್ದರಾ? ಭಾಷೆ ಚೆನ್ನಾಗಿದೆ, ಆದರೆ ಕಥೆ ಎಲ್ಲಿದೆ? ಪಂದ್ಯ ನಡೆಸುವವರು ಒಳ್ಳೆಯ ಮನಸ್ಸಿನಿಂದಲೇ ಬರೆದರು: ಸನ್ನಿವೇಶ ಸ್ಪಷ್ಟವಾಗಲಿ, ಒಂದೆರಡು ಪದ ಬದಲಿಸಿ ನೋಡಿ ಅಂತ. ನೋಡಿದೆವು. ಸ್ಪಷ್ಟ ಮಾಡಲು ಹೊರಟರೆ ಹದಿನೈದು ಪದವಾಗುತ್ತೆ, ಇಪ್ಪತ್ತಾಗುತ್ತೆ. ಒಬ್ಬರು ಮಾತ್ರ ಒಂದೇ ಪದ ಬರೆದಿದ್ದರು: ‘ನಮ್ಮಪ್ಪನೂ’.

ಅವತ್ತಿನಿಂದ ನಮಗೆ ಈ ಪುಟ್ಟ ಕಥೆಯ ಹುಚ್ಚು ಹಿಡಿಯಿತು. ಯಾರು ಮಾಡಿದ ಅಳತೆ ಇದು? ಆರೇ ಯಾಕೆ? ಉಳಿದದ್ದನ್ನು ಯಾರು ತುಂಬಿಸಿಕೊಳ್ಳಬೇಕು? ಸಿಕ್ಕಿದ್ದನ್ನೆಲ್ಲ ಓದಿದೆವು. ಹಾಗೆ ಓದಿ ತಿಳಿದದ್ದನ್ನು ನಮಗೆ ತಿಳಿದ ಹಾಗೆ ಇಲ್ಲಿಡುತ್ತೇವೆ.

ಆರು ಪದದ ಪಂದ್ಯಗಳಿಗೆಲ್ಲ ಒಂದು ಕುಲದೇವರಿದೆ. ಅಮೆರಿಕದ ಅರ್ನೆಸ್ಟ್ ಹೆಮಿಂಗ್ವೇ ಬರೆದ ಅಂತ ಹೇಳುವ ಒಂದು ಕಥೆ. ಮಗುವಿನ ಬೂಟು ಮಾರಾಟಕ್ಕಿದೆ, ಆ ಬೂಟನ್ನು ಯಾರೂ ಒಮ್ಮೆಯೂ ತೊಟ್ಟಿಲ್ಲ ಅಂತ ಪೇಪರಿನ ಜಾಹೀರಾತಿನ ಧಾಟಿಯಲ್ಲಿ ಹೇಳುವ ಕಥೆ. ಹೋಟೆಲಿನ ಮೇಜಿನ ಸುತ್ತ ಕೂತ ಗೆಳೆಯರ ಹತ್ತಿರ ಹೆಮಿಂಗ್ವೇ ಹತ್ತು ಹತ್ತು ಡಾಲರ್ ಪಂಥ ಕಟ್ಟಿ, ಕಾಗದದ ಚೂರಿನ ಮೇಲೆ ಇದನ್ನು ಗೀಚಿ, ದುಡ್ಡೆಲ್ಲ ಬಾಚಿಕೊಂಡನಂತೆ. ನಮಗೆ ಬಂದ ಪಂದ್ಯದ ಕರೆಯಲ್ಲೂ ಇದೇ ಕಥೆ ಇತ್ತು.

ಇದು ಸುಳ್ಳು. ಹೆಮಿಂಗ್ವೇ ಸತ್ತದ್ದು 1961ರಲ್ಲಿ. ಈ ಪಂಥದ ಪ್ರಸಂಗ ಅಚ್ಚಿನಲ್ಲಿ ಕಾಣಿಸಿದ್ದು 1991ರಲ್ಲಿ, ಪೀಟರ್ ಮಿಲ್ಲರ್ ಎಂಬ ಸಾಹಿತ್ಯ ಏಜೆಂಟ್ ಬರೆದ ಪುಸ್ತಕದಲ್ಲಿ. ಕಥೆಯ ಬೀಜವಾದರೋ ಬಹಳ ಹಳೆಯದು. 1910ರಲ್ಲಿ ಅಮೆರಿಕದ ಸ್ಪೊಕೇನ್ ಪಟ್ಟಣದ ಒಂದು ಪತ್ರಿಕೆ, ಯಾರೂ ಬಳಸದ ಮಗುವಿನ ಬಟ್ಟೆ ಮತ್ತು ಮಂಚ ಮಾರಾಟಕ್ಕಿದೆ ಎಂಬ ಜಾಹೀರಾತನ್ನು ಹಿಡಿದು, ಅದರ ಹಿಂದಿನ ಸಾವನ್ನು ಸುದ್ದಿ ಮಾಡಿತ್ತು. ಆಗ ಹೆಮಿಂಗ್ವೇ ಹತ್ತು ವರ್ಷದ ಹುಡುಗ. 1917ರಲ್ಲಿ ವಿಲಿಯಂ ಕೇನ್ ಎಂಬಾತ ಬರಹಗಾರರಿಗೆ ಪಾಠ ಹೇಳುತ್ತಾ, ಮಗು ಕಳಕೊಂಡ ತಾಯಿಯ ಕಥೆಗೆ ತೊಡದ ಪುಟ್ಟ ಬೂಟುಗಳ ಹೆಸರಿಡಬಹುದು ಅಂತ ಸೂಚಿಸಿದ್ದ. ಅಂದರೆ ಇದು ಹತ್ತಾರು ಜನರ ಬಾಯಲ್ಲಿ, ಪೇಪರಿನ ಮೂಲೆಯಲ್ಲಿ ಸವೆದು ಸವೆದು ನುಣುಪಾದ ಕಥೆ. ಹೆಸರಿಲ್ಲದ ಜನ ಮಾಡಿದ್ದಕ್ಕೆ ಕೊನೆಗೆ ಹೆಸರುವಾಸಿಯೊಬ್ಬನ ಅಂಕಿತ ಬಿತ್ತು. ನಮ್ಮ ಹಾಡುಗಾರ್ತಿಯರಿಗೆ ಇದು ಹೊಸ ಸಂಗತಿಯೇನಲ್ಲ.

ಬೂಟಿನ ಕಥೆಯನ್ನು ಮೊದಲ ಸಲ ಓದಿದಾಗ ನಮಗೆ ಅಳು ಬರಲಿಲ್ಲ, ನಿಜ ಹೇಳ್ತೀವಿ. ನಮ್ಮ ಗೆಳತಿ ‘ಕಾಲಿಗೆ ಹಿಡಿಸಲಿಲ್ಲವೇನೋ’ ಅಂದಳು. ಇನ್ನೊಬ್ಬ ‘ದುಡ್ಡಿನ ಅಡಚಣೆಗೆ ಮಾರಿರಬೇಕು’ ಅಂದ. ಮಗು ಸತ್ತಿದೆ ಅಂತ ಯಾರಿಗೂ ಹೊಳೆಯಲಿಲ್ಲ. ಹೇಗೆ ಹೊಳೆಯಬೇಕು? ನಮ್ಮ ಮನೆಗಳಲ್ಲಿ ಹುಟ್ಟುವ ಮುಂಚೆ ಮಗುವಿಗೆ ಏನನ್ನೂ ಕೊಳ್ಳೋದಿಲ್ಲ; ಕೊಂಡರೆ ಕೆಟ್ಟದ್ದಾಗುತ್ತೆ ಅಂತಾರೆ. ಹುಟ್ಟಿದ ಮೇಲೂ ಹಳೇ ಸೀರೆಯ ಬಟ್ಟೆಯೇ. ನಡೆಯದ ಮಗುವಿಗೆ ಬೂಟು ಯಾತಕ್ಕೆ? ಆ ಆರು ಪದದ ಹಿಂದೆ, ಮಗು ಬರುವ ಮೊದಲೇ ಅದಕ್ಕೊಂದು ಕೋಣೆ ಸಿಂಗರಿಸುವ ಮನೆಯೊಂದು ನಿಂತಿದೆ. ಆ ಮನೆಯನ್ನು ಕಂಡವರಿಗೆ ಕಥೆ ತಟ್ಟನೆ ಎದೆಗೆ ನಾಟುತ್ತೆ. ನಾವು ಕಂಡಿರಲಿಲ್ಲ. ಹುಣಸೇಮರದ ದಾರಿಯನ್ನು ಅವರು ಕಂಡಿರಲಿಲ್ಲ. ಲೆಕ್ಕ ಸಮ ಅನ್ನಬಹುದು. ಸಮ ಅಲ್ಲ. ಅವರ ಕಥೆಯನ್ನು ಅರ್ಥ ಮಾಡಿಕೊಳ್ಳಲು ನಾವು ಅವರ ಮನೆ ಹೇಗಿರುತ್ತೆ ಅಂತ ಕಲಿತೆವು. ಆ ಕಲಿಕೆಯನ್ನೇ ಸಾಹಿತ್ಯದ ಓದು ಅಂತ ಕಾಲೇಜಿನಲ್ಲಿ ನಮಗೆ ಹೇಳಿಕೊಟ್ಟರು. ನಮ್ಮ ದಾರಿಯನ್ನು ಕಲಿಯಬೇಕಾದ ಹೊತ್ತು ಬಂದಾಗ ಕಥೆ ಅಸ್ಪಷ್ಟ ಅನ್ನಿಸಿಕೊಂಡಿತು.

ಇದೇ ನೋಡಿ ಈ ಪ್ರಕಾರದ ಗುಟ್ಟು. ಕಥೆ ಚಿಕ್ಕದಾದಷ್ಟೂ ಓದುಗನ ಜೇಬಿನಿಂದ ಹೆಚ್ಚು ಸಾಲ ತೆಗೆಯುತ್ತೆ. ಓದುಗನ ಹತ್ತಿರ ಇಲ್ಲದ ನಾಣ್ಯದಲ್ಲಿ ಸಾಲ ಹುಟ್ಟೋದಿಲ್ಲ.

ಹೀಗೆ ಸಾಲ ತೆಗೆದ ಹಳಬರಲ್ಲಿ ನಮಗೆ ಬಹಳ ಹಿಡಿಸಿದವನು ಫೆಲಿಕ್ಸ್ ಫೆನಿಯೋನ್. ಹುಟ್ಟಿದ್ದು 1861ರಲ್ಲಿ. ಪ್ಯಾರಿಸಿನಲ್ಲಿ ಯುದ್ಧ ಖಾತೆಯ ಕಚೇರಿಯಲ್ಲಿ ಗುಮಾಸ್ತ. ಸಂಜೆಯಾದರೆ ಅರಾಜಕವಾದಿಗಳ ಪತ್ರಿಕೆಗಳಿಗೆ ಹೆಸರಿಲ್ಲದೆ ಬರೆಯುವವನು. ಹೊಸ ಚಿತ್ರಕಾರರ ಪರ ವಾದ ಮಾಡುವವನು. 1894ರ ಏಪ್ರಿಲಿನಲ್ಲಿ ಫೊಯೊ ಎಂಬ ಹೋಟೆಲಿನಲ್ಲಿ ಬಾಂಬು ಸಿಡಿಯಿತು. ಫೆನಿಯೋನನನ್ನು ಹಿಡಿದು ಹಾಕಿದರು. ಆ ಆಗಸ್ಟಿನಲ್ಲಿ ಮೂವತ್ತು ಜನರ ಮೇಲೆ ಒಟ್ಟಿಗೆ ನಡೆದ ವಿಚಾರಣೆಯಲ್ಲಿ ಆತನೂ ಕಟಕಟೆ ಹತ್ತಿದ, ಬಿಡುಗಡೆಯಾದ. ಸರ್ಕಾರಿ ಕೆಲಸ ಹೋಯಿತು.

1906ರಲ್ಲಿ ಈತ ‘ಲ ಮತ್ಯಾಂ’ ಎಂಬ ದಿನಪತ್ರಿಕೆಯಲ್ಲಿ ಕೂತು ಮೂರು ಸಾಲಿನ ಸುದ್ದಿ ಬರೆಯುತ್ತಿದ್ದ. ಹಳ್ಳಿ ಪಟ್ಟಣಗಳಿಂದ ಬರುವ ಚಿಲ್ಲರೆ ಸುದ್ದಿ: ರೈಲಿಗೆ ಸಿಕ್ಕವರು, ಮುಷ್ಕರ ಹೂಡಿದವರು, ಗಂಡನನ್ನು ಇರಿದವರು, ಬಾವಿಗೆ ಬಿದ್ದವರು, ಶಾಲೆಯ ಗೋಡೆಗೆ ಶಿಲುಬೆ ತೂಗುಹಾಕಿ ಕೆಲಸ ಕಳಕೊಂಡ ಊರ ಮುಖ್ಯಸ್ಥರು. ಒಂದೊಂದಕ್ಕೂ ಮೂರೇ ಸಾಲು. ಕೆಳಗೆ ಬರೆದವನ ಹೆಸರಿಲ್ಲ. ಆದರೆ ಸಾಲಿನ ಒಳಗೆ ಬಹಳ ಸಲ ಸತ್ತವನ ಹೆಸರಿರುತ್ತಿತ್ತು, ಊರಿರುತ್ತಿತ್ತು, ಕಸುಬಿರುತ್ತಿತ್ತು. ಇದನ್ನು ಗಮನಿಸಿ. ಮೂರು ಸಾಲಿನಲ್ಲಿ ಜಾಗ ಉಳಿಸಬೇಕು ಅಂದರೆ ನಮ್ಮ ಪೇಪರಿನವರು ಮೊದಲು ಕತ್ತರಿಸೋದು ಕೂಲಿಯವನ ಹೆಸರನ್ನು. ‘ಗೋಡೆ ಕುಸಿದು ಮೂವರ ಸಾವು’ ಅಂತ ಹಾಕಿ ಮುಗಿಸುತ್ತಾರೆ. ಫೆನಿಯೋನ್ ಉಳಿದದ್ದನ್ನೆಲ್ಲ ಕತ್ತರಿಸುತ್ತಿದ್ದ, ಹೆಸರನ್ನು ಮಾತ್ರ ಬಹಳ ಸಲ ಉಳಿಸುತ್ತಿದ್ದ.

ಓದುವವರಿಗೆ ಮೂರು ಸಾಲು ಹೇಗೆ ಸಾಲುತ್ತಿತ್ತು? ಕಾಲ ಹಾಗಿತ್ತು. ಅದೇ 1906ರ ಮಾರ್ಚ್ 10ರಂದು ಉತ್ತರ ಫ್ರಾನ್ಸಿನ ಕೂರಿಯೇರ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 1,099 ಜನ ಸತ್ತಿದ್ದರು. ಗಣಿಗಳಲ್ಲೆಲ್ಲ ಮುಷ್ಕರ ಹಬ್ಬಿತು. ಮೇ 1ರಂದು ಎಂಟು ಗಂಟೆ ದುಡಿಮೆಗಾಗಿ ದೇಶವೇ ಬೀದಿಗಿಳಿಯಿತು. ಫೆನಿಯೋನ್ ಬರೆದದ್ದು ಆ ಮೇ ತಿಂಗಳಿಂದ ನವೆಂಬರಿನ ತನಕ. ಮುಷ್ಕರ ಅಂತ ಒಂದು ಪದ ಹಾಕಿದರೆ ಸಾಕು, ಸಾವಿರ ಹೆಣ ತಾವಾಗಿಯೇ ಎದ್ದು ಬರುತ್ತಿದ್ದವು. ಒಟ್ಟು 1,220 ತುಣುಕುಗಳು. ಗೆಳತಿ ಕಮೀಯ್ ಪ್ಲಾಟೀಲ್ ಅವನ್ನು ಪೇಪರಿನಿಂದ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿ ಇಟ್ಟುಕೊಳ್ಳದೆ ಹೋಗಿದ್ದರೆ ಯಾವುದು ಆತನದು ಅಂತ ಯಾರೂ ಹೇಳುವಂತಿರಲಿಲ್ಲ. 1944ರಲ್ಲಿ ಆತ ಸತ್ತ. 1948ರಲ್ಲಿ ಅವು ಪುಸ್ತಕವಾದವು.

ಹಿಡಿಸಿದವನು ಅಂದೆವು, ಹಾಗಂತ ಎಲ್ಲವೂ ಹಿಡಿಸಲಿಲ್ಲ. ಕೆಲವು ಕಡೆ ಆತ ಬಡವರ ಸಾವಿನ ಮುಂದೆ ನಿಂತು ತಣ್ಣಗೆ ನಗುತ್ತಾನೆ. ವಾಕ್ಯವನ್ನು ತಿರುಚಿ ತಿರುಚಿ, ಸಾವನ್ನು ಕೊನೇ ಪದದಲ್ಲಿಟ್ಟು, ನೋಡಿ ಹೇಗಿದೆ ಅನ್ನುವ ಹಾಗೆ. ಓದುವಾಗ ನಮಗೂ ನಗು ಬಂತು. ಬಂದ ಮೇಲೆ ಕಸಿವಿಸಿಯಾಯಿತು.

ನಗುವಿನ ಈ ಕಸಿವಿಸಿಯನ್ನು ಎದೆಯ ಮೇಲೇ ಹೊತ್ತವನು ಸಾದತ್ ಹಸನ್ ಮಂಟೋ. 1948ರ ಜನವರಿಯಲ್ಲಿ ಬೊಂಬಾಯಿ ಬಿಟ್ಟು ಲಾಹೋರಿಗೆ ಹೋದ. ಅದೇ ವರ್ಷ ‘ಸಿಯಾಹ್ ಹಾಶಿಯೆ’ ಬಂತು. ಕಪ್ಪು ಅಂಚುಗಳು ಅಂತ ಅರ್ಥ. ಸಾವಿನ ಸುದ್ದಿಗೆ ಹಾಕುವ ಕಪ್ಪು ಚೌಕಟ್ಟು. ದೇಶ ಒಡೆದಾಗಿನ ಕೊಲೆ ಲೂಟಿಗಳ 32 ತುಣುಕುಗಳು. ಕೆಲವು ಒಂದೆರಡು ಪುಟ, ಕೆಲವು ಎರಡು ಮೂರು ಸಾಲು.

ಒಂದರಲ್ಲಿ ಇಬ್ಬರು ಗೆಳೆಯರು ಸೇರಿ 42 ರೂಪಾಯಿಗೆ ಒಂದು ಹುಡುಗಿಯನ್ನು ಕೊಳ್ಳುತ್ತಾರೆ. ರಾತ್ರಿ ಕಳೆದ ಮೇಲೆ ಹೆಸರು ಕೇಳಿದರೆ ಆಕೆ ತಮ್ಮ ಧರ್ಮದವಳೇ. ಮೋಸವಾಯಿತು ಅಂತ ವಾಪಸ್ಸು ಕೊಡಲು ಹೊರಡುತ್ತಾರೆ. ಇನ್ನೊಂದರಲ್ಲಿ ಚೂರಿ ಹೊಟ್ಟೆ ಸೀಳಿಕೊಂಡು ಇಳಿದು ಪೈಜಾಮದ ಲಾಡಿಯನ್ನೂ ಕತ್ತರಿಸುತ್ತೆ. ಕೊಂದವನು ತಪ್ಪಾಯಿತಲ್ಲ ಅಂತ ಲೊಚಗುಟ್ಟುತ್ತಾನೆ. ಲಾಡಿ ಕಳಚಿದ ಮೇಲೆ ಏನು ಕಂಡ, ಯಾಕೆ ತಪ್ಪು ಅಂತ ಮಂಟೋ ಹೇಳೋದಿಲ್ಲ. 1948ರ ಲಾಹೋರಿನಲ್ಲಿ, ಅಮೃತಸರದಲ್ಲಿ, ಮೈ ಮೇಲಿನ ಯಾವ ಗುರುತು ನೋಡಿ ಜನ ಕೊಲ್ಲುತ್ತಿದ್ದರು ಅಂತ ಗೊತ್ತಿಲ್ಲದ ಮಗುವೂ ಇರಲಿಲ್ಲ. ಹೇಳಿದ್ದರೆ ಕಥೆ ಸಾಯುತ್ತಿತ್ತು.

ಆದರೆ ಮಂಟೋನ ಮೇಲೆ ಬಿದ್ದವರು ಯಾರು ಗೊತ್ತೇ? ಮತಾಂಧರಿಗಿಂತ ಮೊದಲು ಆತನ ಹಳೇ ಜೊತೆಗಾರರು, ಪ್ರಗತಿಶೀಲ ಲೇಖಕರು. ಹೆಣಗಳ ಮುಂದೆ ನಗೆಹನಿ ಮಾಡುತ್ತಿದ್ದಾನೆ ಅಂದರು. ಮುನ್ನುಡಿ ಬರೆದಿದ್ದ ಮುಹಮ್ಮದ್ ಹಸನ್ ಅಸ್ಕರಿಯನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ, ಅದೂ ಸೇರಿಕೊಂಡಿತು. ಆಕ್ರೋಶ ಎಲ್ಲಿ, ನಿಲುವು ಎಲ್ಲಿ, ಯಾರ ಪರ ಅಂತ ಹೇಳಬೇಕಲ್ಲ ಅನ್ನೋದು ಅವರ ತಕರಾರು. ಮಂಟೋ ಈ ನೋವನ್ನು ಮುಂದೆ ಬರೆದುಕೊಂಡ. 1955ರಲ್ಲಿ, 42 ವರ್ಷಕ್ಕೇ ಸತ್ತ.

ಇದನ್ನು ಓದಿದಾಗ ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು. ಎಕ್ಕಡದ ಕಥೆಯನ್ನು ಸಂಘಟನೆಯ ಗೆಳೆಯರ ಮುಂದೆ ಓದಿದಾಗ ಅವರಿಗೆ ಅರ್ಥವಾಗದೆ ಹೋಗಲಿಲ್ಲ, ಒಂದೇ ಓದಿಗೆ ಆಯಿತು. ಅವರ ಪ್ರಶ್ನೆ ಬೇರೆ: ‘ಇದರಲ್ಲಿ ಪ್ರತಿಭಟನೆ ಎಲ್ಲಿದೆಯಪ್ಪಾ? ನಿಮ್ಮಪ್ಪ ಊರೊಳಗೇ ಮೆಟ್ಟಿಕೊಂಡು ನಡೆದ ಅಂತ ಬರೀರಿ.’ ಆದರೆ ಅಪ್ಪ ನಡೆಯಲಿಲ್ಲವಲ್ಲ! ನಡೆದಿದ್ದರೆ ಏನಾಗುತ್ತಿತ್ತು ಅಂತ ಅವರಿಗೂ ಗೊತ್ತು. ಆಗದೇ ಹೋದ ಬಂಡಾಯವನ್ನು ಅಪ್ಪನ ಕಾಲಿಗೆ ಕಟ್ಟುವುದಕ್ಕೆ ನಮಗೆ ಮನಸ್ಸು ಬರಲಿಲ್ಲ. ಅತ್ತ ಅವರು ವಿವರಿಸಿ ಅಂದರು, ಇತ್ತ ಇವರು ಗುಡುಗಿ ಅಂದರು. ಎರಡಕ್ಕೂ ಆರು ಪದದಲ್ಲಿ ಜಾಗವಿಲ್ಲ.

ಗ್ವಾಟೆಮಾಲದ ಅಗಸ್ಟೊ ಮಾಂಟೆರೊಸೊ ಶಾಲೆ ಅರ್ಧಕ್ಕೆ ಬಿಟ್ಟು ಮಾಂಸದಂಗಡಿಯಲ್ಲಿ ದುಡಿದವನು, ಸರ್ವಾಧಿಕಾರಿಯ ವಿರುದ್ಧ ನಿಂತು 1944ರಲ್ಲಿ ಮೆಕ್ಸಿಕೋಗೆ ಓಡಿಬಂದವನು. 1959ರ ಆತನ ಮೊದಲ ಪುಸ್ತಕದಲ್ಲಿ ಸ್ಪ್ಯಾನಿಷಿನ ಏಳು ಪದದ ಒಂದು ಕಥೆಯಿದೆ: ನಿದ್ದೆಯಿಂದ ಎದ್ದವನ ಎದುರಿಗೆ ಡೈನೊಸಾರ್ ಹೋಗದೆ ಹಾಗೇ ನಿಂತಿರುವ ಕಥೆ. ಎಲ್ಲಿಂದ ಬಂತು, ಯಾರು ಎದ್ದವನು, ಏನೂ ಇಲ್ಲ. ಮೆಕ್ಸಿಕೋದ ಜನರಿಗೆ ಏನೂ ಬೇಕಾಗಿರಲಿಲ್ಲ. 1929ರಿಂದ 2000ದ ತನಕ ಒಂದೇ ಪಕ್ಷ ಅವರನ್ನು ಆಳಿತು. ಅದರ ಹಳೇ ತಲೆಗಳನ್ನು ಅವರು ಡೈನೊಸಾರ್ ಅಂತಲೇ ಕರೆಯುತ್ತಿದ್ದರು.

ನಮ್ಮ ನೆಲದಲ್ಲಿ ಇಂಥದ್ದು ಇರಲಿಲ್ಲವೇ ಅಂತ ಕೇಳಿದರೆ ಕಲ್ಲುಗಳನ್ನು ನೋಡಬೇಕು. ತುರು ಕಾಯಲು ಹೋಗಿ ಸತ್ತವನ ವೀರಗಲ್ಲಿನಲ್ಲಿ ಎಷ್ಟು ಬರಹವಿರುತ್ತೆ? ಇಂಥವನು, ಇಂಥ ಊರಿನ ತುರುಗೋಳಿನಲ್ಲಿ ಕಾದಿ ಸತ್ತ, ಅಷ್ಟೇ. ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ. ಬೆಂಗಳೂರಿನ ಕಾಳಗದಲ್ಲಿ ಬುಟ್ಟನ ಸೆಟ್ಟಿ ಸತ್ತ ಅನ್ನುತ್ತೆ. ಬೆಂಗಳೂರು ಎಂಬ ಹೆಸರು ಸಿಗುವ ಹಳೆಯ ಬರಹಗಳಲ್ಲಿ ಇದೊಂದು. ಆ ಕಾಳಗ ಯಾತಕ್ಕೆ ನಡೆಯಿತು ಅಂತ ಕಲ್ಲು ಹೇಳೋದಿಲ್ಲ, ಹೇಳಬೇಕಾಗಿರಲಿಲ್ಲ; ಎದುರಿಗೆ ನಿಂತು ಓದುವವರು ಆ ಊರಿನವರೇ. ಒಂದೊಂದು ಅಕ್ಷರಕ್ಕೂ ಉಳಿ ಪೆಟ್ಟು, ಕಲ್ಲುಕುಟಿಗನ ಕೂಲಿ. ಬೆಲೆ ಕಟ್ಟಿ ಬರೆಸುವಾಗ ಮಾತು ತಾನಾಗಿ ಚಿಕ್ಕದಾಗುತ್ತೆ. ಬೆಲೆ ಕಟ್ಟಲಾರದವರಿಗೆ ಕಲ್ಲಿಲ್ಲ.

ಈಗಿನ ಕಲ್ಲು ಮೊಬೈಲು. ಇದರ ಅಳತೆಗೋಲಿನ ಚರಿತ್ರೆಯನ್ನೂ ಕೇಳಿ. 1985ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಫ್ರೀಡ್ಹೆಲ್ಮ್ ಹಿಲ್ಲೆಬ್ರಾಂಡ್ ಎಂಬ ಎಂಜಿನಿಯರ್ ಟೈಪ್‌ರೈಟರಿನ ಮುಂದೆ ಕೂತು, ತೋಚಿದ ವಾಕ್ಯ, ಪ್ರಶ್ನೆಗಳನ್ನೆಲ್ಲ ಹೊಡೆದು, ಎಷ್ಟು ಅಕ್ಷರ ಆಗುತ್ತೆ ಅಂತ ಎಣಿಸಿದ. ಮನುಷ್ಯ ಮನುಷ್ಯನಿಗೆ ಹೇಳುವ ಮಾತಿಗೆ 160 ಅಕ್ಷರ ಸಾಕೇ ಸಾಕು ಅಂತ ಅವನಿಗೆ ಅನ್ನಿಸಿತು. ಎಸ್ಸೆಮ್ಮೆಸ್ಸಿನ ಅಳತೆ ಅದೇ ಆಯಿತು. 2006ರಲ್ಲಿ ಬಂದ ಟ್ವಿಟರ್ ಅದರಲ್ಲಿ 20ನ್ನು ಹೆಸರಿಗೆ ಬಿಟ್ಟು 140 ಮಾಡಿತು. 2017ರಲ್ಲಿ 280ಕ್ಕೆ ಏರಿಸಿತು. ಚಿಕ್ಕ ಕಥೆಯ ಪಂದ್ಯಗಳು ಅದಕ್ಕೂ ಹಿಂದೆಯೇ ಇದ್ದವು. ಕ್ಯಾಲಿಫೋರ್ನಿಯಾದ ಒಂದು ವಾರಪತ್ರಿಕೆಯಲ್ಲಿ ಸ್ಟೀವ್ ಮಾಸ್ 1987ರಲ್ಲೇ 55 ಪದದ ಪಂದ್ಯ ಶುರುಮಾಡಿದ್ದ. ಆದರೆ 2006ರ ನಂತರ ಅದು ಕಾಳ್ಗಿಚ್ಚಾಯಿತು. ಆ ನವೆಂಬರಿನಲ್ಲೇ ಅಮೆರಿಕದ ಎರಡು ಪತ್ರಿಕೆಗಳು ಆರು ಪದದ ಆಟ ಹೂಡಿದವು: ‘ವೈರ್ಡ್’ ಹೆಸರಾಂತ ಲೇಖಕರಿಂದ ಬರೆಸಿತು, ‘ಸ್ಮಿತ್’ ಓದುಗರನ್ನೇ ಅವರ ಬದುಕನ್ನು ಆರು ಪದದಲ್ಲಿ ಹೇಳಿ ಅಂತ ಕೇಳಿತು. 2012ರಲ್ಲಿ ಟ್ವಿಟರ್ ಕಥೆಗಳ ಉತ್ಸವವನ್ನೇ ಮಾಡಿತು.

ಹಿಲ್ಲೆಬ್ರಾಂಡ್ ಎಣಿಸಿದ್ದು ತನ್ನ ಟೈಪ್‌ರೈಟರಿನ ಅಕ್ಷರಗಳನ್ನು. ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳಿಸಿದರೆ 160 ಇಲ್ಲ, 70ಕ್ಕೇ ಮುಗಿಯಿತು. ಅದರ ಮೇಲೆ ಯಂತ್ರ ಕನ್ನಡ ಎಣಿಸುವ ರೀತಿಯೇ ಬೇರೆ. ಒತ್ತಕ್ಷರವನ್ನು ಬಿಡಿಸಿ, ಕಾಗುಣಿತವನ್ನು ಕಳಚಿ, ಬಿಡಿ ಬಿಡಿಯಾಗಿ ಲೆಕ್ಕ ಹಾಕುತ್ತೆ. ‘ಅಸ್ಪೃಶ್ಯ’ ನಮ್ಮ ಬಾಯಿಗೆ ಮೂರಕ್ಷರ, ಯಂತ್ರಕ್ಕೆ ಎಂಟು. ಎಕ್ಕಡದ ಕಥೆ ಬಾಯಲ್ಲಿ ಹದಿನೈದೇ ಅಕ್ಷರ. ನಡುವಿನ ಖಾಲಿ ಜಾಗ, ಕೊನೆಯ ಚುಕ್ಕಿ ಸೇರಿ ಯಂತ್ರದ ಲೆಕ್ಕಕ್ಕೆ 34. ಅರ್ಧ ಎಸ್ಸೆಮ್ಮೆಸ್ಸೇ ಹೋಯಿತು.

ಪದ ಎಣಿಸುವ ಪಂದ್ಯದಲ್ಲಿ ಮಾತ್ರ ಕನ್ನಡದ ಕೈ ಮೇಲು. ‘ಬರಲೇಬೇಕಾಗಿತ್ತಂತೆ’ ಅಂತ ಒಂದೇ ಪದದಲ್ಲಿ ಹೇಳುತ್ತೇವೆ. ಇಂಗ್ಲಿಷಿನವನು ಅದಕ್ಕೆ ಒಂದು ಸಾಲನ್ನೇ ಸುರಿಯಬೇಕು. ಆಡುಮಾತಿಗೆ ಬಂದರೆ ಇನ್ನೂ ಅಗ್ಗ. ಗ್ರಂಥದ ಕನ್ನಡದಲ್ಲಿ ‘ಹೋಗಿ ಬಿಟ್ಟಿದ್ದಾನೆ’ ಎರಡು ಪದ, ನಮ್ಮಜ್ಜಿಯ ಬಾಯಲ್ಲಿ ‘ಹೋಗ್ಬುಟ್ಟವ್ನೆ’ ಒಂದೇ. ಐದನೇ ದಿನದ ಕಥೆಯನ್ನು ನಾವು ಹಾಗೇ ಅಜ್ಜಿಯ ಮಾತಿನಲ್ಲಿ ಬರೆದು, ಹತ್ತು ಪದದ ಮಾತನ್ನು ಆರಕ್ಕೆ ತಂದು ಬೀಗುತ್ತಾ ಕಳಿಸಿದೆವು. ಕಾಗುಣಿತ ತಪ್ಪಿದೆ ಅಂತ ವಾಪಸ್ಸು ಬಂತು. ತಿದ್ದಿ ಕಳಿಸಿ ಅಂದರು. ತಿದ್ದಿದರೆ ಮತ್ತೆ ಹತ್ತು!

ಏಳು ದಿನ ಮುಗಿಯಿತು. ಏಳೂ ಕಥೆ ಬರೆದೆವು, ಯಾವುದಕ್ಕೂ ಬಹುಮಾನವಿಲ್ಲ. ಗೆದ್ದ ಕಥೆಗಳಲ್ಲಿ ಎರಡು ನಿಜವಾಗಿಯೂ ಚೆನ್ನಾಗಿದ್ದವು, ಹೊಟ್ಟೆಕಿಚ್ಚಿಲ್ಲದೆ ಹೇಳುತ್ತೇವೆ. ‘ನಮ್ಮಪ್ಪನೂ’ ಅಂತ ಬರೆದವರು ಯಾರು, ಯಾವ ಕಡೆಯವರು ಅಂತ ಹುಡುಕಿದೆವು. ಸಿಗಲಿಲ್ಲ.

ದಸರಾ ರಜೆಯಲ್ಲಿ ನಾಲ್ವರೂ ಆ ಗೆಳೆಯನ ಮನೆಗೆ ಹೋಗಿದ್ದೆವು. ಅಪ್ಪ ಜಗಲಿಯ ಮೇಲೆ ಕೂತಿದ್ದ. ಈಗ ಅದೇ ಬೀದಿಯಲ್ಲಿ ಪ್ಲಾಸ್ಟಿಕ್ ಚಪ್ಪಲಿ ಮೆಟ್ಟಿಕೊಂಡೇ ಓಡಾಡುತ್ತಾನೆ. ಆದರೂ ಕೊನೇ ಮನೆ ಹತ್ತಿರ ಬಂದಾಗ ಕಾಲು ತಾನಾಗಿ ಸ್ವಲ್ಪ ತಡೆಯುತ್ತೆ ಅಂತ ಮಗ ಹೇಳಿದ್ದ. ಕಥೆಯನ್ನು ಓದಿ ಹೇಳಿದೆವು. ಓದುವುದಕ್ಕೆಷ್ಟು ಹೊತ್ತು, ಮುಗಿದೇ ಹೋಯಿತು. ಅಪ್ಪ ಇನ್ನೂ ಇದೆ ಅಂತ ಕಾಯುತ್ತಿದ್ದ.

‘ಅಷ್ಟೇಯಾ?’ ಅಂದ.

‘ಅಷ್ಟೇ ಕಣಪ್ಪಾ, ಆರೇ ಪದ ಇರಬೇಕು ಅಂದಿದ್ರು.’

ಬೀಡಿ ಹಚ್ಚಿಕೊಂಡು ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ, ‘ಎಲ್ಲಾ ಸರೀನೇ. ಯಾವ ಊರು ಅಂತ ಹಾಕ್ಲಿಲ್ವಲ್ಲಾ ನೀವು?’ ಅಂದ.

ಊರಿನ ಹೆಸರು ಸೇರಿಸಿ ಬರೆದೆವು. ಏಳು ಪದವಾಯಿತು. ಅಪ್ಪನ ಮುಂದೆ ಮತ್ತೊಂದು ಸಲ ಓದಿದೆವು.